ಗುರುತು ಕಾಣದ ಕಡಿತ

ಗ್ರಾಮೀಣ ಆಸ್ಪತ್ರೆ, ಕಹಟವೆವ
ಪೊಲೊನ್ನರುವ ಜಿಲ್ಲೆ
೧೯ ಜನವರಿ ೧೯೯೭

ಸಂಪಾದಕರಿಗೆ,
‘ವಿದ್ಯಾ ಸಂವಾದ’ ತ್ರೈಮಾಸಿಕ, ಪೇರಾದೆನಿಯ

ಮಾನ್ಯರೇ,

ಇದರ ಜೊತೆ ನನ್ನ ಲೇಖನವೊಂದರ ಹಸ್ತಪ್ರತಿ ಇದೆ. ವಿಜ್ಞಾನವನ್ನು ಜನರಿಗೆ ಹೇಗೆ ಹೇಳಬೇಕು ಎಂಬುದರ ಬಗ್ಗೆಯೇ ನಿಮ್ಮ ಪತ್ರಿಕೆ ಇರುವುದರಿಂದ ಇದನ್ನು ನಿಮಗೆ ಕಳಿಸುತ್ತಿದ್ದೇನೆ. ವೈದ್ಯರ ಪತ್ರಿಕೆಯೊಂದು ‘ಇದರಲ್ಲಿ ಹೊಸದೇನೂ ಇಲ್ಲ’ ಎಂದು ಹಿಂದಿರುಗಿಸಿತು. ಅವರು ಹೇಳಿದ್ದು ನಿಜವೇ. ಕಟ್ಟುಹಾವು ಕಚ್ಚಿದರೆ ನೋವಾಗುವುದಿಲ್ಲ, ಊತ ಬರುವುದಿಲ್ಲ, ಹಲ್ಲಿನ ಗುರುತು ಕೂಡ ಕಾಣದೇ ಹೋಗಬಹುದು ಎನ್ನುವುದು ವೈದ್ಯರಿಗೆಲ್ಲ ಗೊತ್ತು. ನಮ್ಮೂರಿನವರಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೂ ತಪ್ಪಾಗುತ್ತದೆ. ಅದಕ್ಕೆ ತದ್ವಿರುದ್ಧವಾದದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಲಿಸಿದವರು ನಾವೇ.

ಹಾವಿನ ಭಿತ್ತಿಪತ್ರ ನೀವೂ ನೋಡಿರುತ್ತೀರಿ. ಗದ್ದೆಯ ಬದು, ಒಂದು ಕಾಲು, ಕಾಲಿನ ಮೇಲೆ ಎರಡು ಕೆಂಪು ಚುಕ್ಕೆ, ಮೊಣಕಾಲಿನವರೆಗೆ ಊತ. ಮೇಲೆ ದಪ್ಪ ಅಕ್ಷರದಲ್ಲಿ: ‘ಇದನ್ನು ಕಂಡರೆ ತಡಮಾಡಬೇಡಿ, ಆಸ್ಪತ್ರೆಗೆ ಓಡಿ.’ ಒಂದು ಸಂಸ್ಥೆ ಹದಿನಾಲ್ಕು ವರ್ಷದ ಹಿಂದೆ ಹೊರತಂದದ್ದು. ಇಲ್ಲಿ ಶಾಲೆಯಲ್ಲಿದೆ, ಬೌದ್ಧ ವಿಹಾರದಲ್ಲಿದೆ, ಸಹಕಾರಿ ಅಂಗಡಿಯಲ್ಲಿದೆ, ನಮ್ಮ ಆಸ್ಪತ್ರೆಯ ಗೋಡೆಯಲ್ಲೂ ಇದೆ. ಊರಿನವರು ಅದನ್ನು ‘ಪಟ’ ಅನ್ನುತ್ತಾರೆ. ಎರಡು ಮಳೆಗಾಲಗಳಲ್ಲಿ ಕಟ್ಟುಹಾವು ಕಚ್ಚಿ ತಡವಾಗಿ ಬಂದ ಆರು ಮನೆಗಳವರನ್ನು ನಾನು ಮಾತಾಡಿಸಿದ್ದೇನೆ. ಆರರಲ್ಲಿ ಐದು ಮನೆಯವರು ಪಟವನ್ನು ನೆನೆಸಿಕೊಂಡೇ ತಡಮಾಡಿದ್ದಾರೆ.

ಪೊಡಿಮೆಣಿಕೆ ಎಂಬ ತಾಯಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

“ಹೊಟ್ಟೆನೋವು ಅಂತ ಎದ್ದು ಕೂತ್ಲು ಡಾಕ್ಟ್ರಮ್ಮ. ನೆಲದ ಮೇಲೆ ಮಲಗೋ ಜನ ನಾವು, ಹಾವೇನಾದ್ರೂ ಅಂತ ನಂಗೆ ಅನ್ನಿಸ್ತು. ಇವ್ರು ದೀಪ ಹಿಡ್ಕೊಂಡು ಕೈ, ಕಾಲು, ಬೆನ್ನು ಎಲ್ಲಾ ನೋಡಿದ್ರು. ಚುಕ್ಕೆ ಇಲ್ಲ, ಊತ ಇಲ್ಲ. ‘ಪಟದಲ್ಲಿರೋ ಹಾಗೆ ಏನೂ ಇಲ್ವಲ್ಲೇ, ರಾತ್ರಿ ತಿಂದ ಮರಗೆಣಸು ಅಷ್ಟೇ’ ಅಂದ್ರು. ಬಿಸಿನೀರು ಕುಡಿಸಿ ಮಲಗಿಸಿದ್ವಿ. ಬೆಳಿಗ್ಗೆ ನೋಡಿದ್ರೆ ಕಣ್ಣೇ ಬಿಡಕ್ಕಾಗ್ತಿಲ್ಲ ಮಗೂಗೆ.”

ಆ ಮಗು ಕುಮುದುವಿಗೆ ಒಂಬತ್ತು ವರ್ಷ. ಅವಳನ್ನು ನನ್ನ ಹತ್ತಿರ ತಂದಾಗ ಉಸಿರು ನಿಲ್ಲುವುದರಲ್ಲಿತ್ತು, ಉಳಿಸಿಕೊಳ್ಳಲು ಆಗಲಿಲ್ಲ. ತಂದೆ ಹೀನ್‌ಬಂಡಾ ಈವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ನಾನು ಅಂಗಳಕ್ಕೆ ಕಾಲಿಟ್ಟರೆ ಹಿತ್ತಿಲ ಬಾಗಿಲಿನಿಂದ ಹೊರಟುಬಿಡುತ್ತಾನೆ.

ಲೇಖನ ಪ್ರಕಟಣೆಗೆ ತಕ್ಕದ್ದಾಗಿದೆಯೇ, ದಯವಿಟ್ಟು ತಿಳಿಸಿ.

ಇಂತಿ,
ಡಾ. ನಿಲ್ಮಿಣಿ ಹೇನೆಗಮ


ಪೇರಾದೆನಿಯ
೮ ಫೆಬ್ರವರಿ ೧೯೯೭

ಡಾ. ಹೇನೆಗಮ ಅವರಿಗೆ,

ಹಸ್ತಪ್ರತಿ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪರಿಶೀಲಕರಿಗೆ ಕಳಿಸಲು ಬರುವುದಿಲ್ಲ.

ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಬೆರಳಚ್ಚು ಮಾಡಿಸಿ ಮೂರು ಪ್ರತಿ ಕಳಿಸಬೇಕು. ನಿಮ್ಮ ಹೆಸರಾಗಲಿ ಊರಾಗಲಿ ಒಳಪುಟಗಳಲ್ಲಿ ಎಲ್ಲೂ ಕಾಣಬಾರದು. ಬರೆದವರು ಯಾರೆಂದು ಪರಿಶೀಲಕರಿಗೂ, ಪರಿಶೀಲಕರು ಯಾರೆಂದು ನಿಮಗೂ ತಿಳಿಯುವುದಿಲ್ಲ. ರೋಗಿಗಳ ಮತ್ತು ಅವರ ಮನೆಯವರ ಹೆಸರು ತೆಗೆಯಿರಿ. ಲೇಖನವನ್ನು ಅರ್ಧಕ್ಕೆ ಇಳಿಸಿ. ಮೊದಲ ನಾಲ್ಕು ಪುಟ ನಿಮ್ಮ ಸಿಟ್ಟು. ಅದು ನನಗೆ ಅರ್ಥವಾಗುತ್ತದೆ, ಆದರೆ ಓದುಗರು ಅಲ್ಲೇ ನಿಂತುಬಿಡುತ್ತಾರೆ. ಐದು ಮನೆಗಳ ಮಾತಿನಷ್ಟೇ ಜಾಗವನ್ನು ಪಟವನ್ನು ನೆನೆಸಿಕೊಳ್ಳದ ಆರನೆಯ ಮನೆಗೂ ಕೊಡಿ.

ಇನ್ನೊಂದು ವಿಷಯ. ಭಿತ್ತಿಪತ್ರದ ಅಡಿಯಲ್ಲಿ, ಬಲಮೂಲೆಯಲ್ಲಿ, ‘ಕೆಲವು ಹಾವುಗಳ ಕಡಿತದಲ್ಲಿ ಗುರುತು ಕಾಣದಿರಬಹುದು’ ಎಂಬ ಒಂದು ಸಾಲಿದೆ. ಅದು ನಿಮ್ಮ ಕಣ್ಣಿಗೆ ಬಿದ್ದಂತಿಲ್ಲ.

ಇರಾಂಗನಿ ಮಾಂಪಿಟಿಯ
ಸಂಪಾದಕಿ


ಕಹಟವೆವ
೯ ಮಾರ್ಚ್ ೧೯೯೭

ಮಾನ್ಯರೇ,

ನೀವು ಹೇಳಿದ ಹಾಗೆ ತಿದ್ದಿ ಮೂರು ಪ್ರತಿ ಕಳಿಸುತ್ತಿದ್ದೇನೆ. ಬೆರಳಚ್ಚಿಗೆ ಹಿಂಗುರಕ್ಕಗೊಡ ಪೇಟೆಗೆ ಹೋಗಬೇಕಾಯಿತು. ದಾರಿಯಲ್ಲಿ ಯುದ್ಧದ ತಪಾಸಣೆ ಎಂದು ಸೈನಿಕರು ಎಲ್ಲರನ್ನೂ ಬಸ್ಸಿನಿಂದ ಇಳಿಸಿ ಚೀಲ ಬಿಚ್ಚಿಸಿದರು. ಸಿಪಾಯಿ ಹುಡುಗ ಒಂದು ಪುಟ ಪೂರ್ತಿ ಓದಿ, “ಮಿಸ್, ಗುರುತಿಲ್ದೇನೂ ಸಾಯ್ತಾರಾ? ನಾವು ಬಂಕರಿನಲ್ಲಿ ನೆಲದ ಮೇಲೇ ಮಲಗ್ತೀವಲ್ಲ” ಅಂದ. ಹೊಟ್ಟೆನೋವು, ರೆಪ್ಪೆ ಭಾರ, ನುಂಗಲು ಕಷ್ಟ ಎಂದು ಅವನಿಗೆ ಎಲ್ಲ ಹೇಳಿದೆ. ಬಸ್ಸಿನವರು ಕೂಗಿಕೊಂಡರು.

ಆ ಸಾಲನ್ನು ಹೋಗಿ ಹುಡುಕಿದೆ. ನೀವು ಹೇಳಿದ್ದು ಸರಿ, ಇದೆ. ಆಸ್ಪತ್ರೆಯ ಪಟದಲ್ಲಿ ಆ ಮೂಲೆ ಬೀರುವಿನ ಹಿಂದೆ ಹೋಗಿದೆ. ಶಾಲೆಯ ಪಟದಲ್ಲಿ ಚೌಕಟ್ಟಿನ ಮರ ಅದನ್ನು ಮುಚ್ಚಿದೆ. ವಿಹಾರದಲ್ಲಿ ದೀಪದ ಹೊಗೆಗೆ ಕಪ್ಪಾಗಿದೆ. ಅಂಗಡಿಯಲ್ಲಿ ಮಾತ್ರ ಓದಬಹುದು, ಅದೂ ಅಕ್ಕಿಮೂಟೆ ಸರಿಸಿ, ಕುಕ್ಕರಗಾಲಲ್ಲಿ ಕೂತರೆ. ಅಂಗಡಿಯವನು “ಏನ್ ಕಳ್ಕೊಂಡ್ರಿ ಡಾಕ್ಟ್ರಮ್ಮ?” ಅಂದ. ಆ ಸಾಲಿನ ವಿಷಯ ಆರು ಮನೆಗಳಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇದನ್ನು ಲೇಖನದಲ್ಲಿ ಸೇರಿಸಿದ್ದೇನೆ.

ನನ್ನ ಸಿಟ್ಟನ್ನು ತೆಗೆದಿದ್ದೇನೆ. ಲೇಖನ ಚಿಕ್ಕದಾಗಿದೆ, ಚೆನ್ನಾಗಿಯೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಇಂತಿ,
ನಿಲ್ಮಿಣಿ ಹೇನೆಗಮ


ಪೇರಾದೆನಿಯ
೨೬ ಮೇ ೧೯೯೭

ಡಾ. ಹೇನೆಗಮ ಅವರಿಗೆ,

ಪರಿಶೀಲಕರ ಅಭಿಪ್ರಾಯಗಳ ನಕಲು ಇದರೊಂದಿಗಿದೆ. ಮೊದಲನೆಯವರು ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಪ್ರಕಟಿಸಬಹುದು ಎಂದಿದ್ದಾರೆ. ಎರಡನೆಯವರು ಒಪ್ಪಿಲ್ಲ. ‘ದೇಶಕ್ಕೇ ಮಾದರಿಯಾದ, ನೂರಾರು ಜೀವ ಉಳಿಸಿದ ಭಿತ್ತಿಪತ್ರ ಇದು. ಓದುಬರಹ ಬಾರದ ಕೆಲವರು ತಪ್ಪಾಗಿ ತಿಳಿದುಕೊಂಡರೆ ತಪ್ಪು ಭಿತ್ತಿಪತ್ರದ್ದಲ್ಲ. ಲೇಖಕರು ಹೆಸರು ಮಾಡುವ ಆತುರದಲ್ಲಿರುವಂತೆ ಕಾಣುತ್ತದೆ’ ಎಂದು ಬರೆದಿದ್ದಾರೆ.

ಇಬ್ಬರಿಗೂ ಸಾಲುಸಾಲಾಗಿ ಉತ್ತರ ಬರೆದು, ತಿದ್ದಿದ ಹಸ್ತಪ್ರತಿಯೊಂದಿಗೆ ಕಳಿಸಿ.

ಇರಾಂಗನಿ ಮಾಂಪಿಟಿಯ


ಪೇರಾದೆನಿಯ
೨೧ ಜುಲೈ ೧೯೯೭

ಡಾ. ಹೇನೆಗಮ ಅವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಕಟುವಾದ ಅಭಿಪ್ರಾಯ ಬಂದಾಗ ಮುನಿಸಿಕೊಂಡು ಸುಮ್ಮನಾಗುವ ಲೇಖಕರನ್ನು ಬಹಳ ನೋಡಿದ್ದೇನೆ. ನೀವು ಆ ಪೈಕಿ ಅಲ್ಲ ಎಂದುಕೊಂಡಿದ್ದೆ.

ಇ. ಮಾಂಪಿಟಿಯ


ಕಹಟವೆವ
೧೦ ಆಗಸ್ಟ್ ೧೯೯೭

ಶ್ರೀಮತಿ ಮಾಂಪಿಟಿಯ ಅವರಿಗೆ,

ಮುನಿಸಿಕೊಂಡು ಸುಮ್ಮನಿದ್ದೆ ಎಂದು ಬರೆದಿದ್ದೀರಿ. ಸುಮ್ಮನಿದ್ದುದಕ್ಕೆ ಬೇರೆ ಕಾರಣವಿತ್ತು, ಅದು ನಿಮಗೆ ಬೇಡ. ಈಗ ಮಾತ್ರ ನಿಜವಾಗಿ ಮುನಿದಿದ್ದೇನೆ.

ನಿಮ್ಮ ಕಾಗದ ಬಂದ ದಿನ ನಮ್ಮ ಔಷಧ ಕೊಡುವ ವಿಮಲದಾಸ ಲಕೋಟೆಯ ಮೇಲಿನ ಹೆಸರು ನೋಡಿ ನಗತೊಡಗಿದ. “ಏನಯ್ಯಾ?” ಅಂದೆ. “ಅಲ್ಲ ಡಾಕ್ಟ್ರಮ್ಮ, ಹಾವಿನ ಮೇಲೆ ದೂರು ಬರೆದು ಹಾವಾಡಿಗನ ಮನೆಗೇ ಕಳ್ಸಿದ್ದೀರಲ್ಲ! ಇವ್ರು ಯಾರು ಗೊತ್ತಾ? ಪಟ ಬರೆದ ದುಲ್ದೇನಿಯ ಮೇಷ್ಟ್ರ ಹೆಂಡ್ತಿ. ಹೆಸರು ಬದಲಾಯಿಸ್ಕೊಂಡಿಲ್ಲ ಅಷ್ಟೇ. ಆ ಮೇಷ್ಟ್ರು ಇಲ್ಲೇ ವಿಹಾರದಲ್ಲಿ ತಿಂಗಳಗಟ್ಲೆ ಇದ್ದು ಗದ್ದೆ ಗದ್ದೆ ಸುತ್ತಿ ಚಿತ್ರ ಬರೀತಿದ್ರು” ಅಂದ.

ಆಗ ಎಲ್ಲ ಅರ್ಥವಾಯಿತು. ಅಡಿಯ ಸಾಲು ನಿಮಗೆ ಬಾಯಿಪಾಠ ಇದ್ದದ್ದು ಯಾಕೆ, ಪರಿಶೀಲನೆಗೆ ಅಷ್ಟು ತಿಂಗಳು ಹಿಡಿದದ್ದು ಯಾಕೆ, ಎರಡನೆಯ ಪರಿಶೀಲಕರ ಮಾತಿನಲ್ಲಿ ಅಷ್ಟು ಖಾರ ಯಾಕೆ. ಪರಿಶೀಲಕರು ಯಾರೆಂದು ನನಗೆ ತಿಳಿಯಬಾರದು ಎಂದಿದ್ದಿರಿ. ತಿಳಿಯಿತು.

ಹೆಸರು ಮಾಡುವ ಆತುರ ಎಂದು ಬರೆದಿದ್ದೀರಲ್ಲ. ಕುಮುದುವಿನ ಎದೆಯ ಮೇಲೆ ಕೈಯಿಟ್ಟು ಕೂತವಳು ನಾನು. ಓದುಬರಹ ಬಾರದವರು ಎಂದಿದ್ದೀರಿ. ಹೀನ್‌ಬಂಡಾ ದಿನಪತ್ರಿಕೆಯನ್ನು ಅಂಗಡಿಕಟ್ಟೆಯಲ್ಲಿ ಊರಿಗೆಲ್ಲ ಓದಿ ಹೇಳುತ್ತಿದ್ದವನು. ಪಟವನ್ನೂ ಅವನು ಸರಿಯಾಗಿಯೇ ಓದಿದ. ಅದರಲ್ಲಿ ಇದ್ದದ್ದನ್ನೇ ಓದಿದ.

ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿಬಿಡಿ.

ನಿಲ್ಮಿಣಿ ಹೇನೆಗಮ


ಪೇರಾದೆನಿಯ
೧೭ ಆಗಸ್ಟ್ ೧೯೯೭

ಪ್ರಿಯ ಡಾ. ಹೇನೆಗಮ,

ಹೌದು, ಟಿಕಿರಿ ದುಲ್ದೇನಿಯ ನನ್ನ ಗಂಡ. ತೀರಿಕೊಂಡು ಏಳು ವರ್ಷವಾಯಿತು. ಇದನ್ನು ಮೊದಲ ಕಾಗದದಲ್ಲೇ ಹೇಳಬೇಕಿತ್ತು. ಹೇಳಿದರೆ ನೀವು ಮುಲಾಜಿಗೆ ಬಿದ್ದು ಮಾತನ್ನು ಮೃದು ಮಾಡುತ್ತೀರಿ ಎಂದು ಸುಮ್ಮನಿದ್ದೆ. ಈಗ ನೋಡಿದರೆ ಅದು ಜಾಣತನವೂ ಆಗಲಿಲ್ಲ, ಮರ್ಯಾದೆಯೂ ಆಗಲಿಲ್ಲ.

ಆದರೆ ಎರಡನೆಯ ಪರಿಶೀಲಕರು ನಾನಲ್ಲ. ನೀವು ತಿದ್ದಿದ ಹಸ್ತಪ್ರತಿ ಬಂದ ವಾರವೇ ಅದನ್ನು ನಮ್ಮ ಸಂಪಾದಕ ಮಂಡಳಿಯ ಡಾ. ಪರಮನಾಥನ್ ಅವರ ಕೈಗೆ ಕೊಟ್ಟು, “ಇದರ ತೀರ್ಮಾನ ನಿಮ್ಮದು. ನಾನು ಬರೀ ಅಂಚೆಪೆಟ್ಟಿಗೆ” ಎಂದೆ. ಪರಿಶೀಲಕರನ್ನು ಆರಿಸಿದವರು ಅವರೇ. ಆ ಅಭಿಪ್ರಾಯ ಯಾರದೆಂದು ನನಗೂ ಹೇಳಿಲ್ಲ. ಓದಿದಾಗ ಮಾತ್ರ, ಸುಳ್ಳು ಹೇಳುವುದಿಲ್ಲ, ಯಾರೋ ನನ್ನ ಪರವಾಗಿ ಜಗಳವಾಡಿದಂತೆ ಸಮಾಧಾನವಾಯಿತು. ಓದುಬರಹ ಬಾರದವರು ತಪ್ಪು ತಿಳಿದರು. ಅಷ್ಟನ್ನು ನಂಬಿ ಕೂರಬಹುದಿತ್ತು.

ಕೂರಲಾಗಲಿಲ್ಲ. ನಮ್ಮ ಮುಂದಿನ ಕೋಣೆಯಲ್ಲಿ ಭಿತ್ತಿಪತ್ರದ ಮೊದಲ ಪ್ರತಿ ಇದೆ. ಪಕ್ಕದ ಮನೆಯ ಸೆನೆವಿರತ್ನ, ಬ್ಯಾಂಕಿನ ನಿವೃತ್ತ ಮ್ಯಾನೇಜರು, ದಿನಾ ಸಂಜೆ ಚಹಾಕ್ಕೆ ಬರುತ್ತಾರೆ. “ಇದು ಏನು ಹೇಳುತ್ತೆ, ಸ್ವಲ್ಪ ಓದಿ ನೋಡಿ” ಎಂದೆ.

“ಇದರಲ್ಲಿ ಓದೋದೇನಿದೆ ಅಕ್ಕಾ? ಹಾವು ಕಚ್ಚಿ ಕಾಲು ಊದಿದ್ರೆ ಆಸ್ಪತ್ರೆಗೆ ಓಡು ಅಂತ.”

“ಊದದೇ ಇದ್ರೆ?”

“ಊದದೇ ಇದ್ರೆ ವಿಷ ಇಲ್ಲ ಅಂತ. ಆರಾಮಾಗಿ ಮಲಗೋದು!”

“ಕೆಳಗೆ ಏನೋ ಬರೆದಿದೆಯಲ್ಲ?”

“ಅಚ್ಚಾಪೀಸಿನವರ ವಿಳಾಸ ಇರ್ಬೇಕು.”

ಹದಿನಾಲ್ಕು ವರ್ಷದಿಂದ ಅದರ ಎದುರಿಗೇ ಕೂತು ಚಹಾ ಕುಡಿದವರು ಅವರು. ಅವರು ಹೋದ ಮೇಲೆ ನಾನು ದೀಪ ಹಚ್ಚಲೂ ಏಳಲಿಲ್ಲ.

ಆ ಸಾಲಿನ ಬಗ್ಗೆ ಆಗಲೇ ನನಗೂ ನನ್ನ ಗಂಡನಿಗೂ ವಾದವಾಗಿತ್ತು. ಅಕ್ಷರ ದೊಡ್ಡದು ಮಾಡಿ ಎಂದು ನಾನು. “ಇರಾ, ಒಂದು ಚಿತ್ರ ಒಂದೇ ಮಾತು ಹೇಳ್ಬೇಕು, ಎರಡು ಹೇಳಿದ್ರೆ ಒಂದೂ ಕೇಳ್ಸಲ್ಲ” ಎಂದು ಅವರು. ಆ ಕಾಲದಲ್ಲಿ ಗದ್ದೆಗಳಲ್ಲಿ ಮಂಡಲದ ಹಾವು ಕಚ್ಚಿ, ನಾಟಿ ಮದ್ದು ಹಚ್ಚಿಕೊಂಡು ಕೂತು ಸಾಯುತ್ತಿದ್ದವರು ಲೆಕ್ಕವಿಲ್ಲ. ಅವರನ್ನು ಆಸ್ಪತ್ರೆಗೆ ಓಡಿಸಬೇಕಿತ್ತು. ಗಂಡ ಹೇಳಿದ್ದು ಸರಿಯೆಂದು ನನಗೂ ಅನ್ನಿಸಿತು. ಒಂದು ಮಟ್ಟಿಗೆ ಈಗಲೂ ಅನ್ನಿಸುತ್ತದೆ.

ಇನ್ನು ಕೆಲಸದ ಮಾತು. ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸುವುದಿಲ್ಲ. ನಿಮಗೆ ಬೇಕೇಬೇಕು ಎಂದಾದರೆ ಇನ್ನೊಮ್ಮೆ ಬರೆಯಿರಿ. ಎರಡನೆಯ ಪರಿಶೀಲಕರಿಗೆ ಉತ್ತರ ಕೊಡಿ, ಹೀನ್‌ಬಂಡಾ ಪತ್ರಿಕೆ ಓದುತ್ತಿದ್ದ ವಿಷಯ ಅದರಲ್ಲಿ ಬರಲಿ. ಸೆನೆವಿರತ್ನರ ಮಾತನ್ನೂ ಬಳಸಿಕೊಳ್ಳಬಹುದು, ಒಪ್ಪಿಗೆ ಪಡೆದಿದ್ದೇನೆ. ಪಾಪ, ಅವರು ಮುಖ ಸಣ್ಣದು ಮಾಡಿಕೊಂಡೇ ಒಪ್ಪಿದರು.

ಮತ್ತೆ ಭಿತ್ತಿಪತ್ರವನ್ನು ‘ಒಂದು ಸಂಸ್ಥೆ’ ಹೊರತಂದದ್ದು ಎಂದು ಬರೆದಿದ್ದೀರಿ. ಅದು ಸಾಲದು. ಉಲ್ಲೇಖಗಳ ಪಟ್ಟಿಯಲ್ಲಿ ರಚಿಸಿದವರ ಹೆಸರು, ವರ್ಷ, ಊರು ಇರಲೇಬೇಕು. ಎಲ್ಲ ಲೇಖಕರಿಗೂ ಇದೇ ನಿಯಮ. ಟಿ. ಬಿ. ದುಲ್ದೇನಿಯ, ೧೯೮೩, ಮಹನುವರ. ಅವರು ಮಾಡಿದ ಕೆಲಸ ಅದು. ಒಳ್ಳೆಯದಕ್ಕೆ ಹೆಸರು ಹಾಕಿಸಿಕೊಂಡವರು ಇದಕ್ಕೂ ಹಾಕಿಸಿಕೊಳ್ಳುತ್ತಿದ್ದರು. ಆ ಮಟ್ಟಿಗೆ ನನ್ನ ಗಂಡನನ್ನು ನಾನು ಬಲ್ಲೆ.

ಇರಾಂಗನಿ ಮಾಂಪಿಟಿಯ


ಕಹಟವೆವ
೧೪ ಸೆಪ್ಟೆಂಬರ್ ೧೯೯೭

ಪ್ರಿಯ ಮೇಡಂ,

ಹೇಗೆ ಕ್ಷಮೆ ಕೇಳಬೇಕೋ ತಿಳಿಯುತ್ತಿಲ್ಲ. ನಾಲ್ಕು ಕಾಗದ ಬರೆದು ಹರಿದೆ. ಕೊನೆಗೆ ಹಸ್ತಪ್ರತಿಯನ್ನೇ ತಿದ್ದಿ ಕಳಿಸುತ್ತಿದ್ದೇನೆ. ದುಲ್ದೇನಿಯ ಅವರ ಹೆಸರನ್ನು ನೀವು ಹೇಳಿದಂತೆ ಸೇರಿಸಿದ್ದೇನೆ. ಅಡಿಯ ಸಾಲನ್ನು ಅವರು ಬರೆದಿದ್ದರು ಎಂಬುದನ್ನೂ, ಆ ಭಿತ್ತಿಪತ್ರ ಯಾರಿಗಾಗಿ ಹುಟ್ಟಿತೆಂಬುದನ್ನೂ ಮೊದಲ ಪುಟದಲ್ಲೇ ಹೇಳಿದ್ದೇನೆ. ಇದು ಮುಲಾಜಲ್ಲ. ಅದಿಲ್ಲದೆ ಲೇಖನ ಅರ್ಧ ಸತ್ಯವಾಗಿತ್ತು.

ನಾನು ಸುಮ್ಮನಿದ್ದ ಕಾರಣವನ್ನೂ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಆಸ್ಪತ್ರೆಯ ಗೋಡೆಯಿಂದ ಪಟ ತೆಗೆಸಿದ್ದೆ. ಯಾರೋ ಮೇಲಿನವರಿಗೆ ತಿಳಿಸಿದರು. ಸರಕಾರಿ ಆರೋಗ್ಯ ಸಾಮಗ್ರಿಯನ್ನು ಅನುಮತಿಯಿಲ್ಲದೆ ತೆಗೆದದ್ದಕ್ಕೆ ವಿಚಾರಣೆ ನಡೆಯಿತು. “ನಿಮ್ಮ ಲೇಖನ ಎಲ್ಲಿ ಅಚ್ಚಾಗಿದೆ, ತೋರಿಸಿ” ಎಂದು ಕೇಳಿದರು. ತೋರಿಸಲು ಏನೂ ಇರಲಿಲ್ಲ. ನಿಮಗೆ ತಿಳಿಸಿದ್ದರೆ ಕನಿಕರಕ್ಕೆ ಪ್ರಕಟಿಸಿದಂತಾಗುತ್ತಿತ್ತು. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಪಟ ಮತ್ತೆ ಗೋಡೆಗೆ ಬಂದಿದೆ. ಅದರ ಪಕ್ಕ ‘ಗುರುತು ಕಾಣದಿದ್ದರೂ ಬನ್ನಿ’ ಎಂದು ಬರೆದು ನಾನೊಂದು ರಟ್ಟು ತೂಗುಹಾಕಿದ್ದೇನೆ. ನನ್ನ ಅಕ್ಷರ ಡಾಕ್ಟರ ಅಕ್ಷರ. ವಿಮಲದಾಸ ಅದನ್ನು ಔಷಧದ ಚೀಟಿ ಎಂದು ಹಾಸ್ಯ ಮಾಡುತ್ತಾನೆ.

ನಿಮ್ಮ,
ನಿಲ್ಮಿಣಿ


ಪೇರಾದೆನಿಯ
೨೨ ಡಿಸೆಂಬರ್ ೧೯೯೭

ಪ್ರಿಯ ನಿಲ್ಮಿಣಿ,

ಸಂಚಿಕೆ ಹೊರಬಂದಿದೆ. ನಿಮ್ಮ ಪ್ರತಿಗಳನ್ನು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಪರಮನಾಥನ್ ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ನನ್ನ ಗಂಡನ ಶಿಷ್ಯರಿಬ್ಬರು ಫೋನ್ ಮಾಡಿದ್ದರು. ಒಬ್ಬ, “ಅಮ್ಮಾ, ನೀವೇ ಇದಕ್ಕೆ ಜಾಗ ಕೊಟ್ಟಿರಾ?” ಎಂದ. ಇನ್ನೊಬ್ಬ ಅಷ್ಟೂ ಹೇಳದೆ ಫೋನ್ ಇಟ್ಟ. ಇಲಾಖೆಗೆ ಪ್ರತಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ, ಬರುತ್ತದೆಂದು ಕಾದು ಕೂರಬೇಡಿ. ಮೂವತ್ತು ವರ್ಷದಿಂದ ಸಂಪಾದಕಿಯಾಗಿರುವವಳ ಮಾತು ಇದು. ಲೇಖನ ಅಚ್ಚಾದ ದಿನ ಲೋಕದಲ್ಲಿ ಏನೂ ಆಗುವುದಿಲ್ಲ.

ಪುಟ ತಿದ್ದುವಾಗ ನೋಡಿದರೆ ನನ್ನ ಗಂಡನ ಹೆಸರಿನ ಕಾಗುಣಿತ ತಪ್ಪಾಗಿತ್ತು. ನಾನೇ ಸರಿಮಾಡಿದೆ.

ಇರಾಂಗನಿ


ಕಹಟವೆವ
೮ ಮಾರ್ಚ್ ೧೯೯೮

ಪ್ರಿಯ ಇರಾಂಗನಿ ಅಕ್ಕಾ,

ಹೀಗೆ ಕರೆಯಬಹುದು ಎಂದುಕೊಂಡಿದ್ದೇನೆ.

ಹೋದ ತಿಂಗಳು ಬೆಳಗಾಗುವ ಹೊತ್ತಿಗೆ ಆಸ್ಪತ್ರೆಯ ಮುಂದೆ ಟ್ರಾಕ್ಟರು ಬಂದು ನಿಂತಿತು. ಹಿಂದಿನ ಗಾಡಿಯಲ್ಲಿ ಚಾಪೆಯ ಮೇಲೆ ಸೋಮಾವತಿ ಎಂಬ ಹೆಂಗಸು, ಪಕ್ಕದಲ್ಲಿ ಅಳುತ್ತಿರುವ ಗಂಡ. ಟ್ರಾಕ್ಟರು ಓಡಿಸಿಕೊಂಡು ಬಂದವನು ಹೀನ್‌ಬಂಡಾ. ಅವಳಿಗೆ ಹೊಟ್ಟೆನೋವು, ರೆಪ್ಪೆ ಆಗಲೇ ಜೋಲುತ್ತಿತ್ತು. ಮೈಮೇಲೆ ಎಲ್ಲೂ ಒಂದು ಗೀರಿಲ್ಲ. ಔಷಧಿ ಹಾಕಿ, ಉಸಿರು ತುಂಬುವ ರಬ್ಬರು ಚೀಲವನ್ನು ಬಾಯಿಮೂಗಿಗೆ ಹಿಡಿದು, ವಿಮಲದಾಸ, ದಾದಿಯರು, ನಾನು ಸರದಿಯಲ್ಲಿ ಒತ್ತುತ್ತ ಪೊಲೊನ್ನರುವದ ದೊಡ್ಡಾಸ್ಪತ್ರೆಗೆ ತಲುಪಿಸಿದೆವು. ಬದುಕಿದಳು. ಮೊನ್ನೆ ತಾನೇ ನಡೆದುಕೊಂಡು ಬಂದು ಒಂದು ಗೊನೆ ಬಾಳೆಹಣ್ಣು ಇಟ್ಟು ಹೋದಳು.

ಇದು ನಮ್ಮ ಲೇಖನದಿಂದ ಆಗಿದ್ದಲ್ಲ. ನನ್ನ ರಟ್ಟಿನಿಂದಲೂ ಅಲ್ಲ. ಅವಳ ಗಂಡ ಹೇಳಿದ: “ನಾನು ದೀಪ ಹಿಡ್ಕೊಂಡು ಅವಳ ಕಾಲು ನೋಡ್ತಿದ್ದೆ. ನಮ್ಮನೆ ಗಲಾಟೆ ಕೇಳಿ ಹೀನ್‌ಬಂಡಾ ಅಣ್ಣ ಓಡಿಬಂದ. ನನ್ನ ಕೈಯಿಂದ ದೀಪ ಕಿತ್ಕೊಂಡ. ‘ಗುರುತು ಹುಡುಕ್ಬೇಡ ಕಣೋ. ನಾನೂ ಹುಡುಕಿದ್ದೆ’ ಅಂದ. ಆಮೇಲೆ ಹೋಗಿ ಟ್ರಾಕ್ಟರು ತಂದ.”

ಆವತ್ತು ಪೊಲೊನ್ನರುವದಿಂದ ವಾಪಸು ಬಂದಾಗ ಹೀನ್‌ಬಂಡಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಇನ್ನೂ ಕೂತಿದ್ದ. ಬದುಕುತ್ತಾಳೆ ಎಂದೆ. ತಲೆಯಾಡಿಸಿದ. ಎದ್ದು ಹೋಗಲಿಲ್ಲ. ನಾನೂ ಕೂತೆ. ವಿಮಲದಾಸ ಇಬ್ಬರಿಗೂ ಬೆಲ್ಲದ ಜೊತೆ ಹಾಲಿಲ್ಲದ ಚಹಾ ತಂದುಕೊಟ್ಟ. ಅರ್ಧ ಲೋಟ ಕುಡಿದ ಮೇಲೆ ಅವನೇ ಮಾತು ತೆಗೆದ.

“ನೀವು ಮನೆಗೆ ಬಂದಾಗೆಲ್ಲ ‘ಪಟ ಯಾಕೆ ನಂಬಿದೆ’ ಅಂತ ಕೇಳ್ತೀರಿ ಅಂತ ಗೊತ್ತಿತ್ತು, ಅದಕ್ಕೇ ಎದ್ದು ಹೋಗ್ತಿದ್ದೆ. ಸುಮ್ಸುಮ್ನೆ ನಂಬಿರ್ಲಿಲ್ಲ ಡಾಕ್ಟ್ರಮ್ಮ. ನಮ್ಮಣ್ಣಂಗೆ ಗದ್ದೇಲಿ ಮಂಡಲದ ಹಾವು ಕಚ್ಚಿತ್ತು. ಅಪ್ಪ ನಾಟಿ ವೈದ್ಯರ ಹತ್ರ ಹೊರಟಿದ್ರು. ನಾನು ಶಾಲೇಲಿ ಪಟ ನೋಡಿದ್ದೆ. ಎರಡು ಚುಕ್ಕೆ, ಊತ, ಹಾಗೇ ಇತ್ತು. ಅಪ್ಪನ ಕಾಲು ಹಿಡ್ಕೊಂಡು ಅತ್ತು, ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಣ್ಣ ಉಳ್ಕೊಂಡ. ಈಗ್ಲೂ ಇದಾನೆ, ಮೂರು ಮಕ್ಕಳು. ಆವತ್ತಿಂದ ನಂಗೆ ಆ ಪಟ ಅಂದ್ರೆ ದೇವರ ಮಾತು.”

ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಹೊರಡುವಾಗ ಕೇಳಿದ: “ಪಟ ಬರೆದ ಮೇಷ್ಟ್ರು ಇದಾರಾ?” ಇಲ್ಲ ಎಂದೆ. “ಮನೆಯವರು?” ಇದ್ದಾರೆ ಎಂದೆ. “ಅವರಿಗೆ ಎರಡೂ ಹೇಳಿ. ಒಂದೇ ಹೇಳ್ಬೇಡಿ” ಅಂದ.

ಅದಕ್ಕೇ ಬರೆದಿದ್ದೇನೆ.

ನಿಲ್ಮಿಣಿ


ಪೇರಾದೆನಿಯ
೧೮ ಮಾರ್ಚ್ ೧೯೯೮

ಪ್ರಿಯ ನಿಲ್ಮಿಣಿ,

ನಿನ್ನ ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ಆಮೇಲೆ ಒಳಗೆ ಬಂದು ಕೂತು ಇನ್ನೊಮ್ಮೆ ಓದಿದೆ. ಸೆನೆವಿರತ್ನ ಬಂದು ಬಾಗಿಲು ತಟ್ಟಿದರು. ಈವತ್ತು ಚಹಾ ಇಲ್ಲ ಎಂದು ಕಳಿಸಿದೆ.

ಏಪ್ರಿಲ್ ತಿಂಗಳ ಹೊಸವರ್ಷದ ಹಬ್ಬ ಕಳೆದ ಮೇಲೆ ಕಹಟವೆವಕ್ಕೆ ಬರುತ್ತೇನೆ. ಬಸ್ಸಿನಲ್ಲಿ ಬರಬಲ್ಲೆ, ಕಾಲು ಗಟ್ಟಿಯಾಗಿದೆ. ಆಸ್ಪತ್ರೆಯಲ್ಲೋ ವಿಹಾರದಲ್ಲೋ ಮಲಗಲು ಒಂದು ಮಂಚ ಸಿಕ್ಕರೆ ಸಾಕು. ಹೀನ್‌ಬಂಡಾ ಅವರಿಗೂ ಅವರ ಹೆಂಡತಿಗೂ ಮುಂಚೆಯೇ ತಿಳಿಸು. ಬೇಡ ಎಂದರೆ ಬಲವಂತ ಮಾಡಬೇಡ. ಮಾತಾಡುತ್ತೇವೆ ಎಂದರೆ ಅವರು ಹೇಳಿದ್ದನ್ನು ಕೇಳುತ್ತೇನೆ. ಮಾತು ಬೇಡ, ಬಂದು ಹೋಗಲಿ ಎಂದರೆ ಅವರ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಇರಾಂಗನಿ